ಗಣಕಜಾಲದ ನೀರುಗಂಟಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಗೃಹಸ್ಥರಿಗೆ ಕೆರೆಯ ನೀರುಗಂಟಿಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ತೂಬು ಕಟ್ಟುವ ವಿದ್ಯೆಯು ಊರ ಹಿರಿಯರಿಗೆ ತಿಳಿದಿರಲಿಲ್ಲ. ಆದರೂ ಯಾವ ಗದ್ದೆಗೆ ನೀರು ಮುಟ್ಟಲಿಲ್ಲವೆಂದು ನೀರುಗಂಟಿಯನ್ನು ಕೇಳುವ ಅಧಿಕಾರವೂ ವಿವೇಕವೂ ಅವರಿಗಿದ್ದವು. ಇಂದಿನ ಗಣಕಜಾಲದ ವಿಷಯದಲ್ಲಿಯೂ ಆಡಳಿತ ನೋಡುವವರ ಕರ್ತವ್ಯವು ಇದೇ ಎಂಬುದನ್ನು ವಾಚಕ ಮಹಾಶಯರಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ.

ಈ ಶತಮಾನದ ಆದಿಯಲ್ಲಿ ‘ಭೂಮಿ’ ಯೋಜನೆಯಿಂದ ಕೈಬರಹದ ಪಹಣಿಯು ಹೋಗಿ ಗಣಕದ ಪಹಣಿಯು ಬಂದಿತು. 2011ರಲ್ಲಿ ಮಂಜೂರಾಗಿ, ಈಗ ಭಾರತ್‌ನೆಟ್ ಎನಿಸಿಕೊಂಡಿರುವ ಯೋಜನೆಯು ಗ್ರಾಮಪಂಚಾಯತಿಗಳಿಗೆ ಗಾಜಿನ ತಂತಿಯನ್ನೆಳೆಯತೊಡಗಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೂ, 2018ರಲ್ಲಿ ಮರಳಿ ಬಳ್ಳಾರಿಗೂ, 2021ರಲ್ಲಿ ವಿಜಯನಗರಕ್ಕೂ ಸೇರಿತು. ಜಿಲ್ಲೆಯು ಯಾವುದಾದರೇನು, ರೈತನ ಕಾಗದವು ಜಾಲದ ಮೂಲಕವೇ ಬರತಕ್ಕದ್ದು.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯ ಕಿಟಕಿಯ ಮುಂದೆ ಪಹಣಿಗಾಗಿ ನಿಂತಿದ್ದೆನು. ನನ್ನ ಮುಂದಿದ್ದ ಮುದುಕನು ಶೇಂಗಾ ಬೀಜದ ಸಾಲಕ್ಕಾಗಿ ಐದು ಹರದಾರಿಯಿಂದ ಬಂದಿದ್ದನು. “ನೆಟ್‌ವರ್ಕ್ ಇಲ್ಲ, ನಾಳೆ ಬಾ” ಎಂಬ ಉತ್ತರವೇ ಅವನಿಗೆ ಮೂರನೆಯ ದಿನವೂ ದೊರೆಯಿತು. ಒಳಗೆ ಹೋಗಿ ವಿಚಾರಿಸಲಾಗಿ, “ನಮ್ಮ ಪರದೆಯಲ್ಲಿ ದೀಪವು ಹಸುರಾಗಿಯೇ ಇದೆಯಲ್ಲ!” ಎಂದರು. ಅಷ್ಟರಲ್ಲಿ ಬಿತ್ತನೆಯ ಹದವು ಕಳೆದುಹೋಯಿತು.

ದೀಪವು ಸುಳ್ಳು ಹೇಳಿರಲಿಲ್ಲ. ಸ್ವಯಂಚಾಲಿತ ಕಾವಲಿನ ಕ್ರಮವು ಹೀಗಿದೆ: ಒಂದು ಗಣಕವು ಕೆಲವು ನಿಮಿಷಗಳಿಗೊಮ್ಮೆ ಜಾಲದ ಪ್ರತಿಯೊಂದು ಯಂತ್ರವನ್ನೂ “ಇರುವೆಯಾ?” ಎಂದು ಕೇಳುವುದು. ಅಮೆರಿಕದ ಮೈಕ್ ಮೂಸ್ ಎಂಬವರು 1983ರಲ್ಲಿ ರಚಿಸಿದ ‘ಪಿಂಗ್’ ಎಂಬುದು ಈ ಪ್ರಶ್ನೆಯೇ. 1988ರಲ್ಲಿ ಪ್ರಕಟವಾದ ಎಸ್‌ಎನ್‌ಎಂಪಿ ಎಂಬ ಸಂಭಾಷಣಾಕ್ರಮದಿಂದ ಯಂತ್ರಗಳು ತಮ್ಮ ಭಾರವನ್ನೂ ದೋಷವನ್ನೂ ನಿವೇದಿಸತೊಡಗಿದವು. ಕೆಲವು ಸಾರಿ ಕೇಳಿಯೂ ಉತ್ತರ ಬಾರದಿದ್ದರೆ ಹೊಣೆಗಾರನ ಫೋನಿಗೆ ಸೂಚನೆಯು ಹೋಗುವುದು. ಎರಡನೆಯ ತಂತಿಯಿದ್ದು ಮೊದಲೇ ಏರ್ಪಡಿಸಿದ್ದರೆ ಸಂಚಾರವು ತಾನಾಗಿ ಅದಕ್ಕೆ ತಿರುಗುವುದು.

ಒಂದು ಅಗುಳನ್ನು ಹಿಸುಕಿ, ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವುದಕ್ಕೆ ಶಾಸ್ತ್ರಜ್ಞರು ಸ್ಥಾಲೀಪುಲಾಕನ್ಯಾಯವೆನ್ನುವರು. ಅನ್ನಕ್ಕೆ ಸಲ್ಲುವ ಈ ನ್ಯಾಯವು ಜಾಲಕ್ಕೆ ಸಲ್ಲದು. ಊರಿನ ಯಂತ್ರವು ಎಚ್ಚರವಾಗಿದ್ದು, ಪಹಣಿಯನ್ನು ಕೊಡುವ ದೂರದ ಗಣಕವು ಮಲಗಿರಬಹುದಷ್ಟೆ.

ಆದಕಾರಣ ಶಾಲೆ, ಸಹಕಾರ ಸಂಘ, ಪಂಚಾಯತಿಗಳ ಹೊಣೆ ಹೊತ್ತ ಸಜ್ಜನರು ಯಂತ್ರಜ್ಞರನ್ನು ಮೂರು ಮಾತು ಕೇಳತಕ್ಕದ್ದು. ಕಾವಲು ಪರೀಕ್ಷಿಸುವುದು ತಂತಿಯನ್ನೋ, ಕಿಟಕಿಯಲ್ಲಿ ಸಿಗಬೇಕಾದ ಕಾಗದವನ್ನೋ? ಕೆಟ್ಟಾಗ ಸೂಚನೆಯು ಯಾರಿಗೆ ಹೋಗುವುದು, ಅವರು ಊರಲ್ಲಿಲ್ಲದಿದ್ದರೆ ಮತ್ತಾರಿಗೆ? ಕರೆಂಟು ಹೋಗಿ ಕಾವಲಿನ ಗಣಕವೇ ಆರಿದರೆ ಅದನ್ನು ತಿಳಿಸುವವರು ಯಾರು? ಇವುಗಳನ್ನು ಕೇಳುವುದಕ್ಕೆ ಯಂತ್ರಶಾಸ್ತ್ರದ ವ್ಯಾಸಂಗವು ಬೇಕಾಗಿಲ್ಲ.

ತಿಂಗಳಿಗೊಮ್ಮೆಯಾದರೂ ಅವರು ಕಿಟಕಿಯ ಹೊರಗೆ ಸರದಿಯಲ್ಲಿ ನಿಂತು ನೋಡುವುದು ಒಳ್ಳೆಯದು. ನಮ್ಮ ಹಿರಿಯರೂ ತೂಬಿನ ಬಳಿಯಲ್ಲಿ ನಿಂತು ತೃಪ್ತರಾಗದೆ, ಕೊನೆಯ ಗದ್ದೆಯವರೆಗೆ ನಡೆದುಹೋಗಿ ನೋಡಿ ಬರುತ್ತಿದ್ದರು.