ಸ್ಕೇಟ್‌ಬೋರ್ಡ್‌ಗೆ ಯಾವ ಮೋಟಾರ್?

ಮನೆಯಲ್ಲೇ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಮಾಡುವವರು ಮೊದಲು ಕೆವಿ ನೋಡಬೇಕು. ಒಂದು ವೋಲ್ಟ್‌ಗೆ ಮೋಟಾರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ ಅದು. 190 ಕೆವಿ ಮೋಟಾರ್‌ಗೆ 36 ವೋಲ್ಟ್ ಬ್ಯಾಟರಿ ಕೊಟ್ಟರೆ, ಭಾರವಿಲ್ಲದಾಗ 6840 ಸುತ್ತು. ಚಕ್ರಕ್ಕೆ ಅಷ್ಟು ಬೇಡ. ಮೋಟಾರ್‌ಗೆ 15 ಹಲ್ಲಿನ ಪುಲ್ಲಿ, ಚಕ್ರಕ್ಕೆ 36 ಹಲ್ಲಿನದು ಇಟ್ಟು ಬೆಲ್ಟ್ ಹಾಕಿದರೆ ಸುತ್ತು 2850ಕ್ಕೆ ಇಳಿದು, ತಿರುಗಿಸುವ ಬಲ ಸುಮಾರು 2.4 ಪಟ್ಟು ಆಗುತ್ತದೆ.

ಹಬ್ ಮೋಟಾರ್ ಚಕ್ರದೊಳಗೇ ಇರುತ್ತದೆ. ಸದ್ದು ಕಡಿಮೆ, ಬೆಲ್ಟ್ ಖರ್ಚಿಲ್ಲ. ನಾವು ಕಾಮರ್ಸಿನವರಿಗೆ ಇಷ್ಟವಾಗುವುದು ಇದೇ! ಆದರೆ ಅದರ ಟೈರಿನ ಪದರ ತೆಳು, ಕೆಟ್ಟ ರಸ್ತೆಯಲ್ಲಿ ಕಾಲು ನಡುಗುತ್ತದೆ. ಏರಿನಲ್ಲಿ ಬೇಗ ಬಿಸಿಯಾಗುತ್ತದೆ. ನನ್ನ ಓಟು ಬೆಲ್ಟಿಗೆ.

ಬ್ರೇಕ್ ಹಿಡಿಯುವುದೂ ಇದೇ ಮೋಟಾರ್. ಇಳಿಜಾರಿನಲ್ಲಿ ಬೆಲ್ಟ್ ತುಂಡಾದರೆ ಬ್ರೇಕೂ ಹೋಯಿತು. ದುಡ್ಡು ಉಳಿಸಲು ಒಂದೇ ಮೋಟಾರ್ ಹಾಕಬೇಡಿ. ಎರಡು ಹಿಂಚಕ್ರಕ್ಕೂ ಬೇರೆ ಬೇರೆ ಮೋಟಾರ್, ಬೇರೆ ಬೇರೆ ಬೆಲ್ಟ್ ಇರಲಿ.