ಉಪ್ಪು ನೀರಿನ ಈಜುಕೊಳಕ್ಕೆ ಕ್ಲೋರಿನ್ ಬೇಡವೇ?

‘ಉಪ್ಪು ಹಾಕಿದರೆ ಸಾಕು, ಈಜುಕೊಳಕ್ಕೆ ಕ್ಲೋರಿನ್ ಬೇಕಿಲ್ಲ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ತಪ್ಪು.

ಈ ವ್ಯವಸ್ಥೆಯಲ್ಲಿ ಲೀಟರ್ ನೀರಿಗೆ 3ರಿಂದ 4 ಗ್ರಾಂ ಉಪ್ಪು ಬೆರೆಸುತ್ತಾರೆ. ಸಮುದ್ರದ ನೀರಿನಲ್ಲಿರುವುದು ಸುಮಾರು 35 ಗ್ರಾಂ. ಪಂಪಿನ ಪೈಪಿಗೆ ಜೋಡಿಸಿದ ‘ಸೆಲ್’ ಎಂಬ ಸಾಧನ ವಿದ್ಯುತ್ ಹಾಯಿಸಿ ಆ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುತ್ತದೆ. ರೋಗಾಣು ಕೊಲ್ಲುವುದು ಅದೇ.

ಲಾಭವೂ ಇದೆ. ಕ್ಲೋರಿನ್ ತಂದಿಟ್ಟು, ದಿನಾ ಅಳೆದು ಹಾಕುವ ರಗಳೆ ತಪ್ಪುತ್ತದೆ. ಆದರೆ ಕರೆಂಟ್ ಹೋದರೆ ಕ್ಲೋರಿನ್ ತಯಾರಿಕೆಯೂ ನಿಲ್ಲುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೆಲ್ ಮೇಲೆ ಸುಣ್ಣ ಕಟ್ಟುತ್ತದೆ. ಕೆಲವು ವರ್ಷಕ್ಕೊಮ್ಮೆ ಸೆಲ್ ಬದಲಿಸಬೇಕು, ಅದೇನೂ ಅಗ್ಗವಲ್ಲ. ಕಬ್ಬಿಣದ ಏಣಿ, ಕಂಬಿಗಳು ಬೇಗ ತುಕ್ಕು ಹಿಡಿಯುತ್ತವೆ.

ನಮ್ಮ ದೊಡ್ಡ ಚಿಂತೆ ಹೊರಬಿಡುವ ನೀರಿನದು. 50,000 ಲೀಟರ್ ಕೊಳಕ್ಕೆ, ಲೀಟರಿಗೆ 3.5 ಗ್ರಾಂ ಲೆಕ್ಕದಲ್ಲಿ, 175 ಕೆ.ಜಿ. ಉಪ್ಪು ಬೇಕು. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ರೈತರಿಗೆ ಸವಳು-ಜವಳು ಎಂದರೇನೆಂದು ನಾವು ಹೇಳಬೇಕಿಲ್ಲ. ಕಬ್ಬಿಗೆ ಅತಿಯಾಗಿ ನೀರು ಹಾಯಿಸಿಯೇ ಇಲ್ಲಿ ಎಷ್ಟೋ ಕಪ್ಪು ನೆಲ ಕೆಟ್ಟಿದೆ. ಅಂಥ ನೆಲಕ್ಕೆ ಫಿಲ್ಟರ್ ತೊಳೆದ ಉಪ್ಪು ನೀರು ಬಿಟ್ಟರೆ ಮಣ್ಣು ಇನ್ನಷ್ಟು ಬಿಗಿಯುತ್ತದೆ, ಕಬ್ಬು, ನಿಂಬೆ ಸೊರಗುತ್ತವೆ. ಹಳ್ಳಕ್ಕೂ ಬಿಡಬೇಡಿ.

ತೋಟದ ಮನೆಯಲ್ಲಿ ಕೊಳ ಕಟ್ಟಿಸುವವರು ‘ಈ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಮಾರುವವರನ್ನು ಮೊದಲೇ ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಸಾದಾ ಕ್ಲೋರಿನ್ ಕೊಳವೇ ವಾಸಿ. ಅದರಲ್ಲೂ ಕಾಲಕ್ರಮೇಣ ಉಪ್ಪಿನಂಶ ಸೇರುತ್ತದೆ, ಆದರೆ ಇಷ್ಟಲ್ಲ.