ನಗರೋದ್ಯಾನ ಮತ್ತು ಆರೋಗ್ಯದ ಆಯವ್ಯಯ: ಕಲಬುರಗಿ, ಕಮಲಾಪುರಗಳನ್ನು ಕುರಿತು

ಇಂಗ್ಲೆಂಡಿನಲ್ಲಿ ೧೮೪೮ರಲ್ಲಿ ಜಾರಿಗೆ ಬಂದ ಸಾರ್ವಜನಿಕ ಆರೋಗ್ಯ ಶಾಸನವು ಚರಂಡಿ ಮತ್ತು ಕುಡಿಯುವ ನೀರಿನ ಏರ್ಪಾಡುಗಳ ಜೊತೆಯಲ್ಲಿಯೇ, ಜನರ ವಿಹಾರಕ್ಕೆ ಬಯಲುಗಳನ್ನು ಒದಗಿಸುವ ಅಧಿಕಾರವನ್ನೂ ಸ್ಥಳೀಯ ಮಂಡಳಿಗಳಿಗೆ ಕೊಟ್ಟಿತು. ಕಾಲರಾ ಮಾರಿಯನ್ನು ಕಣ್ಣಾರೆ ಕಂಡಿದ್ದ ಆ ಪೀಳಿಗೆಗೆ ಉದ್ಯಾನವು ಅಲಂಕಾರವಾಗಿರಲಿಲ್ಲ. ಅದು ಆರೋಗ್ಯದ ಬಾಬಾಗಿತ್ತು. ೧೯೯೨ರ ೭೪ನೆಯ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಾದರೋ, ನಗರಸಂಸ್ಥೆಗಳ ೧೮ ವಿಷಯಗಳ ಪೈಕಿ ಸಾರ್ವಜನಿಕ ಆರೋಗ್ಯವು ಆರನೆಯದು. ಉದ್ಯಾನವು ‘ಸೌಕರ್ಯ’ವೆಂಬ ಹೆಸರಿನಲ್ಲಿ ಹನ್ನೆರಡನೆಯದು. ಇದು ಕೇವಲ ಕ್ರಮಾಂಕದ ಮಾತಲ್ಲ. ಸೌಕರ್ಯವೆನಿಸಿಕೊಂಡ ವೆಚ್ಚಕ್ಕೆ ಹಣದ ಅಡಚಣೆ ಬಂದೊಡನೆ ಕತ್ತರಿ ಬೀಳುವುದು ಸಹಜ. ಕಲಬುರಗಿ ನಗರವನ್ನೂ, ಹೊಸದಾಗಿ ತಾಲ್ಲೂಕು ಕೇಂದ್ರವಾದ ಕಮಲಾಪುರವನ್ನೂ ಮುಂದಿಟ್ಟುಕೊಂಡು ಈ ಭೇದದ ಪರಿಣಾಮವನ್ನು ಪರಿಶೀಲಿಸಬಹುದು.

ಕನ್ನಡ ನಾಡಿಗೆ ಈ ವಿಚಾರವು ಹೊಸತಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿದ ಮೇಲೆಯೇ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿ ಮತ್ತು ಬಯಲುಗಳೊಡನೆ ಬೆಳೆದವು. ಮೈಸೂರಿನಲ್ಲಿ ೧೯೦೩ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪಿತವಾಯಿತು. ಆಗ ನಿಜಾಮರ ಸೀಮೆಗೆ ಸೇರಿದ್ದ ಕಲಬುರಗಿಯ ಹಳೆಯ ಸಾರ್ವಜನಿಕ ಉದ್ಯಾನವೆಂದರೆ ಮೆಹಬೂಬ್ ಗುಲ್ಶನ್. ೧೮೬೯ರಿಂದ ೧೯೧೧ರ ವರೆಗೆ ಆಳಿದ ಆರನೆಯ ನಿಜಾಮ ಮೀರ್ ಮೆಹಬೂಬ್ ಅಲೀಖಾನರ ಹೆಸರನ್ನು ಅದು ಹೊತ್ತಿದೆ. ಊರವರ ಬಾಯಲ್ಲಿ ಮಾತ್ರ ಅದು ‘ಪಬ್ಲಿಕ್ ಗಾರ್ಡನ್’. ೨೦೧೧ರ ಜನಗಣತಿಯ ವೇಳೆಗೇ ಐದು ಲಕ್ಷವನ್ನು ಮೀರಿದ್ದ ಈ ನಗರಕ್ಕೆ ಅದೂ ಅಪ್ಪನ ಕೆರೆಯ ದಂಡೆಯೂ ಎಷ್ಟರಮಟ್ಟಿಗೆ ಸಾಕಾದಾವು? ಒಬ್ಬೊಬ್ಬರಿಗೆ ೧೦ರಿಂದ ೧೨ ಚದರ ಮೀಟರಿನಷ್ಟು ಬಯಲಿರಬೇಕೆಂದು ಕೇಂದ್ರ ಸರ್ಕಾರದ ೨೦೧೪ರ ನಗರಯೋಜನಾ ಮಾರ್ಗಸೂಚಿ ಹೇಳುತ್ತದೆ.

ಕಲಬುರಗಿಯ ಬೇಸಗೆಯಲ್ಲಿ ಉಷ್ಣತೆ ೪೦ ಡಿಗ್ರಿಯನ್ನು ದಾಟುವುದು ಪ್ರತಿವರ್ಷದ ಅನುಭವ. ವಯಸ್ಕರು ವಾರಕ್ಕೆ ಕಡಿಮೆಯೆಂದರೆ ೧೫೦ ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಹಿಮೂತ್ರದ ರೋಗಿಗೆ ವೈದ್ಯರು ನಡಿಗೆಯನ್ನು ವಿಧಿಸುತ್ತಾರೆ; ಆದರೆ ನೆರಳಿಲ್ಲದ ಊರಿನಲ್ಲಿ ಬೆಳಗಿನ ಎಂಟು ಗಂಟೆಯ ಮೇಲೆ ಆತನು ನಡೆಯುವುದಾದರೂ ಎಲ್ಲಿ? ಮರವು ಬಿಸಿಲನ್ನು ತಡೆಯುವುದಲ್ಲದೆ ಎಲೆಗಳಿಂದ ನೀರನ್ನು ಆವಿಯಾಗಿಸಿ ಸುತ್ತಣ ಗಾಳಿಯನ್ನು ತಂಪುಗೊಳಿಸುತ್ತದೆ. ಮನೆಯಂಗಳವಿಲ್ಲದ ಬಡವರಿಗೇ ಇದರ ಪ್ರಯೋಜನ ಹೆಚ್ಚು.

ಹಣದ ಪ್ರಶ್ನೆಯ ತೊಡಕು ಬೇರೆಡೆ ಇದೆ. ಉದ್ಯಾನವನ್ನು ಮಾಡುವುದಕ್ಕೆ ಹಣ ದೊರೆಯುತ್ತದೆ, ಕಾಯುವುದಕ್ಕೆ ದೊರೆಯದು. ೨೦೧೫ರಲ್ಲಿ ಆರಂಭವಾದ ಅಮೃತ್ ಯೋಜನೆಯಲ್ಲಿ ಕಲಬುರಗಿಯೂ ಸೇರಿತ್ತು. ಅದರ ಹಣದಲ್ಲಿ ಉದ್ಯಾನಗಳಿಗೆ ಮೀಸಲಾದದ್ದು ಹೆಚ್ಚೆಂದರೆ ನೂರಕ್ಕೆ ೨.೫. ಹದಿನೈದನೆಯ ಹಣಕಾಸು ಆಯೋಗವು ೨೦೨೧ರಿಂದ ಐದು ವರ್ಷಗಳಿಗೆ ಇಂಥ ನಗರಗಳಿಗೆ ಸೂಚಿಸಿದ ಅನುದಾನದಲ್ಲಿ ನೂರಕ್ಕೆ ೬೦ ಭಾಗವು ನೀರು, ನೈರ್ಮಲ್ಯಗಳಿಗೆ ಕಟ್ಟುಬಿದ್ದಿತ್ತು. ಬೇಲಿ, ಕಾರಂಜಿ, ಹೆಬ್ಬಾಗಿಲುಗಳು ಒಂದು ಸಲದ ಅನುದಾನದಿಂದ ಏಳುತ್ತವೆ, ಉದ್ಘಾಟನೆಯೂ ಆಗುತ್ತದೆ. ಆದರೆ ನಮ್ಮ ಎರೆಭೂಮಿ ಬೇಸಗೆಯಲ್ಲಿ ಬಿರಿದು ಎಳೆಯ ಬೇರುಗಳನ್ನು ಹರಿಯುತ್ತದೆ. ಸಸಿಯೊಂದು ಎರಡು ಮೂರು ಬೇಸಗೆಗಳನ್ನು ಕಳೆಯಬೇಕಾದರೆ ಮಾಲಿಯ ಸಂಬಳವೂ ನೀರೂ ಪ್ರತಿವರ್ಷವೂ ಬೇಕು. ೩೭೧(ಜೆ) ವಿಧಿಯನ್ವಯ ಈ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ. ಆದರೆ ಮಾಲಿಯ ಸಂಬಳದಂಥ ನಿತ್ಯವೆಚ್ಚಕ್ಕೆ ಪಾಲಿಕೆಯ ಸ್ವಂತ ಆದಾಯದಲ್ಲಿಯೇ ನೆಲೆ ಇರತಕ್ಕದ್ದು. ಇಂಗ್ಲೆಂಡಿನ ಬರ್ಕನ್‌ಹೆಡ್ಡಿನಲ್ಲಿ ೧೮೪೭ರಲ್ಲಿ ತೆರೆದ ಉದ್ಯಾನದ ಖರ್ಚಿಗೆ ಅದರ ಸುತ್ತಣ ನಿವೇಶನಗಳ ಮಾರಾಟದಿಂದ ಹಣ ಬಂತು. ಉದ್ಯಾನವು ನೆಲದ ಬೆಲೆಯನ್ನು ಏರಿಸುತ್ತದೆ. ಆ ಏರಿಕೆಯಲ್ಲಿ ಒಂದು ಪಾಲು ಉದ್ಯಾನಕ್ಕೇ ಮರಳಬೇಕೆಂಬುದು ನ್ಯಾಯವಾದ ತತ್ತ್ವ.

ಹೀಗೆಂದರೆ ‘ಮೊದಲು ಆಸ್ಪತ್ರೆ, ಆಮೇಲೆ ಉದ್ಯಾನ’ ಎಂದು ವಾದಿಸುವವರುಂಟು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಈ ವಾದವೇ ನ್ಯಾಯಾಲಯವನ್ನೇರಿತು. ಉದ್ಯಾನಕ್ಕೆಂದು ಮೀಸಲಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಹಂಚಲಾಗಿ, ನಿವಾಸಿಗಳು ಅದನ್ನು ಪ್ರಶ್ನಿಸಿದರು. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆ ಸಲ್ಲದೆಂದು ತೀರ್ಮಾನಿಸಿತು. ಆಸ್ಪತ್ರೆಯು ಎಷ್ಟೇ ಉಪಯುಕ್ತವಾದರೂ ಬಯಲಿಗೆ ಬದಲಿಯಾಗದು ಎಂಬುದು ಆ ತೀರ್ಪಿನ ಹುರುಳು.

ಕಮಲಾಪುರಕ್ಕೆ ಈ ತೀರ್ಪು ಕಲಬುರಗಿಗಿಂತಲೂ ಹೆಚ್ಚು ಪ್ರಸ್ತುತವಾದುದು. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕೆಂಬಾಳೆಯ ತೋಟಗಳಿಂದ ಹೆಸರಾದ ಊರು ಅದು. ಹಸಿರಿಗೆ ಅಲ್ಲಿ ಕೊರತೆ ಏನು ಎಂದು ಯಾರಾದರೂ ಕೇಳಬಹುದು. ಆದರೆ ತೋಟದ ಹಸಿರು ಒಡೆಯನದು. ಮುದುಕರಿಗೂ ಮಕ್ಕಳಿಗೂ ಅಲ್ಲಿ ತಿರುಗಾಡುವ ಹಕ್ಕಿಲ್ಲ. ತಾಲ್ಲೂಕು ಕೇಂದ್ರವಾದ ಊರಿಗೆ ಕಚೇರಿ, ನ್ಯಾಯಾಲಯ, ವಸತಿಗೃಹಗಳೆಲ್ಲ ಬೇಕು. ಇವೆಲ್ಲವುಗಳ ದೃಷ್ಟಿ ಬೀಳುವುದು ಖಾಲಿ ಇರುವ ಸರ್ಕಾರಿ ನೆಲದ ಮೇಲೆಯೇ. ಉದ್ಯಾನ, ಆಟದ ಬಯಲುಗಳನ್ನು ಸಂರಕ್ಷಿಸಲೆಂದು ಕರ್ನಾಟಕದಲ್ಲಿ ೧೯೮೫ರಷ್ಟು ಹಿಂದೆಯೇ ಕಾಯಿದೆಯಾಗಿದೆ. ಕಮಲಾಪುರದ ಬಯಲುಗಳನ್ನು ಕಟ್ಟಡಗಳ ನಕ್ಷೆಗಳು ಸಿದ್ಧವಾಗುವ ಮುನ್ನವೇ ಪಟ್ಟಿಮಾಡಿ ಗಡಿಕಲ್ಲು ನೆಡಿಸಬೇಕು. ಅವುಗಳ ಕಾವಲು ಮತ್ತು ನೀರಿನ ಖರ್ಚನ್ನು ಆಯವ್ಯಯದ ಆರೋಗ್ಯದ ಶೀರ್ಷಿಕೆಯಲ್ಲಿ ಬರೆಯಬೇಕು. ನೆಲದ ಬೆಲೆ ಏರಿದ ಮೇಲೆ ಕಲಬುರಗಿಯಂಥ ನಗರವು ಕೊಂಡು ಪಡೆಯಬೇಕಾದುದನ್ನು ಕಮಲಾಪುರವು ಇಂದು ಕೇವಲ ಒಂದು ಠರಾವಿನಿಂದ ಉಳಿಸಿಕೊಳ್ಳಬಹುದಾಗಿದೆ.